ಕಾನ್ವೆಂಟ್ ಎಂಬ ಮಾತು, ಮಂಗಳೂರಿಗೆ ಬಂದ ಹಡಗು

ಹೋದ ತಿಂಗಳು ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಜಾಸ್ತಿ ಬದಲಿಸಿಲ್ಲ.

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿಗೆ ಬರುವಾಗ ದಾರಿಯಲ್ಲಿ ಮೂರು ಕಡೆ ‘ಕಾನ್ವೆಂಟ್’ ಅಂತ ಬೋರ್ಡು ನೋಡಿದೆ. ಮೂರೂ ಶಾಲೆಗಳು. ಒಂದರ ಹೆಸರು ಲಿಟಲ್ ಫ್ಲವರ್ ಕಾನ್ವೆಂಟ್. ಮೂರರಲ್ಲೂ ಒಬ್ಬ ಸನ್ಯಾಸಿನಿಯೂ ಇಲ್ಲ. ಇದ್ದಿದ್ದೂ ಇಲ್ಲ. ನಮ್ಮಲ್ಲಿ ‘ಮಗಳನ್ನ ಕಾನ್ವೆಂಟಿಗೆ ಹಾಕಿದ್ದೀವಿ’ ಅಂದರೆ ಇಂಗ್ಲಿಷ್ ಶಾಲೆಗೆ ಸೇರಿಸಿದ್ದೀವಿ ಅಂತ ಅರ್ಥ, ಅಲ್ವಾ? ಇದೇ ಮಾತನ್ನು ನಾನೂರು ವರ್ಷದ ಹಿಂದೆ ಸ್ಪೇನಿನಲ್ಲೋ ಇಟಲಿಯಲ್ಲೋ ಒಬ್ಬ ಅಪ್ಪ ಹೇಳಿದ್ದರೆ ಕೇಳಿದವರು ಬೇರೆಯೇ ತಿಳಿಯುತ್ತಿದ್ದರು. ಆ ಹುಡುಗಿ ಇನ್ನು ಮನೆಗೆ ಬರುವುದಿಲ್ಲ. ಸತ್ತರೂ ಅವಳ ಹೆಣ ಆ ಗೋಡೆಯ ಒಳಗೇ ಮಣ್ಣಾಗುತ್ತದೆ.

ಹೊರಗೆ ಬರಲೇಬಾರದ ಮನೆಗೆ ಇದ್ದ ಹೆಸರು ಎಲ್ಲರ ಮಕ್ಕಳೂ ದಿನಾ ಹೋಗಿ ಬರುವ ಶಾಲೆಯ ಹೆಸರಾಯಿತು. ಹೇಗೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇಷ್ಟನ್ನೇ. ಈ ಕಥೆಯ ಒಂದು ಮುಖ್ಯವಾದ ತುಂಡು ನಮ್ಮ ಮಂಗಳೂರಿನಲ್ಲೇ ನಡೆದಿದೆ.

ಮೊದಲು ಆ ಲಿಟಲ್ ಫ್ಲವರ್ ಯಾರು ಅಂತ ನೋಡೋಣ. ಫ್ರಾನ್ಸಿನ ಲಿಸ್ಯೂ ಎಂಬ ಊರಿನ ತೆರೇಸಾ ಮಾರ್ಟಿನ್. 1888ರಲ್ಲಿ ಹದಿನೈದನೇ ವಯಸ್ಸಿಗೆ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಮಠ ಸೇರಿದರು. 1897ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಆ ಒಂಬತ್ತು ವರ್ಷ ಮಠದ ಗೋಡೆ ದಾಟಲಿಲ್ಲ. ಯಾವ ಶಾಲೆಯಲ್ಲೂ ಪಾಠ ಹೇಳಲಿಲ್ಲ. ಮಠದೊಳಗೆ ಬಟ್ಟೆ ಒಗೆದರು, ಪ್ರಾರ್ಥನೆ ಮಾಡಿದರು, ಮೇಲಿನವರು ಬರಿ ಅಂದಾಗ ತಮ್ಮ ಕಥೆಯನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟರು. ಅವರ ಹೆಸರು ಇವತ್ತು ನಮ್ಮ ಊರೂರ ಶಾಲಾ ಬಸ್ಸಿನ ಮೇಲಿದೆ. ಆ ಹಳದಿ ಬಸ್ಸು ಎದುರಿಗೆ ಬಂದಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ.

‘ಕಾನ್ವೆಂಟ್’ ಅನ್ನುವುದು ಲ್ಯಾಟಿನ್ ಮೂಲದ ಪದ. ಒಟ್ಟಿಗೆ ಸೇರುವುದು ಅಂತ ಅರ್ಥ. ಗೋಡೆ, ಬೀಗ ಯಾವುದೂ ಆ ಪದದಲ್ಲಿ ಇಲ್ಲ. ಅವು ಆಮೇಲೆ ಬಂದವು. ಆರನೇ ಶತಮಾನದ ಮೊದಲಲ್ಲಿ ಆರ್ಲ್ ಊರಿನ ಬಿಷಪ್ ಸಿಸೇರಿಯಸ್ ತನ್ನ ತಂಗಿಯ ಮಠಕ್ಕೆ ಒಂದು ನಿಯಮಾವಳಿ ಬರೆದರು. ಒಳಗೆ ಬಂದವಳು ಸಾಯುವವರೆಗೂ ಹೊರಗೆ ಹೋಗಬಾರದು ಅಂತ ಅದರಲ್ಲಿತ್ತು. ಕಾಲ ಕೆಟ್ಟದಿತ್ತು, ದಂಡು ದಾಳಿ ನಡೆಯುತ್ತಲೇ ಇತ್ತು. ಗೋಡೆ ಆಗ ಹೆಂಗಸರಿಗೆ ಆಸರೆಯೂ ಹೌದು. ಆದರೆ 1298ರಲ್ಲಿ ಪೋಪ್ ಎಂಟನೇ ಬೊನಿಫಾಸ್ ಅದನ್ನು ಎಲ್ಲರಿಗೂ ಕಾನೂನು ಮಾಡಿಬಿಟ್ಟರು. ಯಾವ ಸಭೆಗೆ, ಅಂದರೆ ಯಾವ ಸನ್ಯಾಸಿ ಸಂಘಕ್ಕೆ, ಸೇರಿದ ಸನ್ಯಾಸಿನಿಯೇ ಆಗಲಿ, ಎಲ್ಲಿಯವಳೇ ಆಗಲಿ, ಗೋಡೆಯ ಒಳಗೇ ಇರಬೇಕು. 1563ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪರ ಮಹಾಸಭೆ ಇದನ್ನೇ ಮತ್ತೊಮ್ಮೆ ಬಿಗಿ ಮಾಡಿತು. ಸನ್ಯಾಸಿಗಳು ಮಾತ್ರ ಊರೂರು ತಿರುಗಿ ಬೋಧನೆ ಮಾಡಬಹುದಿತ್ತು.

ಗೋಡೆಯನ್ನು ಬೈಯುವುದು ಈಗ ಸುಲಭ. ನಾನು ಹಾಗೆ ಮಾಡುವುದಿಲ್ಲ. ಯಾಕೆಂದರೆ ಗೋಡೆಯನ್ನು ಕೇಳಿ ಪಡೆದವರೂ ಇದ್ದರು. ಸ್ಪೇನಿನ ಕಾರ್ಮೆಲ್ ಸನ್ಯಾಸಿನಿ, ಆವಿಲಾದ ತೆರೇಸಾ ಹಾಗೆ ಕೇಳಿ ಪಡೆದವರು. ಆಕೆ ಇದ್ದ ದೊಡ್ಡ ಮಠದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ. ದಿನವಿಡೀ ನೆಂಟರು, ಹರಟೆ, ಯಾರ ಮನೆತನ ದೊಡ್ಡದು ಎಂಬ ಮಾತು. ಪ್ರಾರ್ಥನೆಗೆ ಮೌನವೇ ಸಿಗುತ್ತಿರಲಿಲ್ಲ. 1562ರಲ್ಲಿ ಆಕೆ ಹದಿಮೂರು ಜನರಿಗೆ ಸಾಕಾಗುವಂಥ ಒಂದು ಸಣ್ಣ ಮಠ ಕಟ್ಟಿದರು. ಬಡತನ, ಮೌನ, ಗಟ್ಟಿ ಗೋಡೆ. ಆಕೆಗೆ ಗೋಡೆ ಬೇಕಾಗಿದ್ದು ನೆಂಟರು ಒಳಗೆ ಬಾರದಂತೆ ತಡೆಯುವುದಕ್ಕೆ. ಹೆಂಗಸೊಬ್ಬಳಿಗೆ ಯಾರ ಕಾಟವೂ ಇಲ್ಲದೆ ತನ್ನ ಮನಸ್ಸಿನೊಳಗೆ ಇಳಿಯಲು ಒಂದು ಜಾಗ. ಆದರೆ ಅಂಥ ಜಾಗಗಳನ್ನು ಕಟ್ಟಲು ಆಕೆ ಮಾತ್ರ ಮುಚ್ಚಿದ ಗಾಡಿಯಲ್ಲಿ ಕುಳಿತು ಸ್ಪೇನ್ ತುಂಬ ಅಲೆದರು. ಪೋಪರ ರಾಯಭಾರಿಯೊಬ್ಬರು ಸಿಟ್ಟಾಗಿ ‘ಒಂದು ಕಡೆ ನಿಲ್ಲದೆ ತಿರುಗುವ ಹೆಂಗಸು’ ಅಂತ ಆಕೆಯನ್ನು ಕರೆದದ್ದು ದಾಖಲಾಗಿದೆ. ಅಡುಗೆಮನೆಯ ಮಡಕೆ ಕುಡಿಕೆಗಳ ನಡುವೆಯೂ ದೇವರು ಓಡಾಡುತ್ತಾನೆ ಅಂತ ಆಕೆ ಬರೆದಿದ್ದಾರೆ. ಈ ಮಾತು ನೆನಪಿರಲಿ. ಅಡುಗೆಮನೆ ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ಕಡೆ ಗೋಡೆ ಬೇಡ ಅಂದವರು. ಇಂಗ್ಲೆಂಡಿನ ಮೇರಿ ವಾರ್ಡ್ ಅಂಥವರು. ಹುಟ್ಟಿದ್ದು 1585. ಆಗ ಅಲ್ಲಿ ಕ್ಯಾಥೊಲಿಕರಾಗಿ ಬದುಕುವುದೇ ಕಷ್ಟ. ಅವರು 1609ರಲ್ಲಿ ಕೆಲವು ಗೆಳತಿಯರ ಜೊತೆ ಸಮುದ್ರ ದಾಟಿ ಸೇಂಟ್ ಓಮೇರ್ ಎಂಬ ಊರಿಗೆ ಹೋಗಿ ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದರು. ನಾವು ಸನ್ಯಾಸ ವ್ರತವನ್ನೂ ಪಾಲಿಸುತ್ತೇವೆ, ಬೀದಿಗೂ ಬರುತ್ತೇವೆ, ಶಾಲೆಯನ್ನೂ ನಡೆಸುತ್ತೇವೆ ಅಂದರು. ‘ಎಷ್ಟಾದರೂ ಹೆಂಗಸರು’ ಅಂತ ಯಾರೋ ಹಗುರಾಗಿ ಆಡಿದ ಮಾತು ಕಿವಿಗೆ ಬಿದ್ದಾಗ, ಮುಂದೆ ಹೆಂಗಸರು ಬಹಳಷ್ಟು ಮಾಡಿ ತೋರಿಸುತ್ತಾರೆ ಅಂತ ತಮ್ಮ ಜೊತೆಯವರಿಗೆ ಹೇಳಿದರು. ಅದು 1617ರಲ್ಲಿ.

1631ರಲ್ಲಿ ಪೋಪ್ ಎಂಟನೇ ಅರ್ಬನ್ ಆ ಸಭೆಯನ್ನೇ ರದ್ದು ಮಾಡಿದರು. ಮೇರಿ ವಾರ್ಡರನ್ನು ಮ್ಯೂನಿಕ್ ನಗರದ ಒಂದು ಮಠದ ಕೋಣೆಯಲ್ಲಿ ಕೂಡಿಹಾಕಿದರು. ಯಾರಿಗೂ ಕಾಗದ ಬರೆಯಬಾರದು ಅಂತ ಕಟ್ಟಪ್ಪಣೆ. ಆಗ ಅವರು ಮಾಡಿದ್ದೇನು ಗೊತ್ತಾ? ಸಾಮಾನು ಸುತ್ತಿ ಬಂದ ಕಾಗದದ ಮೇಲೆ ನಿಂಬೆರಸದಲ್ಲಿ ಬರೆದರು. ಒಣಗಿದರೆ ಏನೂ ಕಾಣುವುದಿಲ್ಲ. ಬೆಂಕಿಯ ಹತ್ತಿರ ಹಿಡಿದರೆ ಅಕ್ಷರ ಕಂದು ಬಣ್ಣದಲ್ಲಿ ಏಳುತ್ತದೆ. ನಾವು ಚಿಕ್ಕವರಿದ್ದಾಗ ಆಟಕ್ಕೆ ಮಾಡುತ್ತಿದ್ದೆವಲ್ಲ, ಅದೇ. ಅವುಗಳಲ್ಲಿ ಹಲವು ಕಾಗದಗಳು ಇವತ್ತಿಗೂ ಉಳಿದಿವೆ. ಹೆಣ್ಣುಮಕ್ಕಳಿಗೆ ಓದು ಕಲಿಸಲು ಹೊರಟ ಹೆಂಗಸು ತನ್ನ ಮಾತನ್ನು ಹೀಗೆ ಬಚ್ಚಿಟ್ಟು ಕಳಿಸಬೇಕಾಯಿತಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅವರೇ ಈ ಸಭೆಯ ಸ್ಥಾಪಕಿ ಅಂತ ರೋಮ್ ಒಪ್ಪಿಕೊಂಡಿದ್ದು 1909ರಲ್ಲಿ. ಅವರ ಪರಂಪರೆಯಿಂದಲೇ ಲೊರೆಟೊ ಸಿಸ್ಟರ್‌ಗಳು ಬಂದರು. ಕೋಲ್ಕತ್ತದ ಮದರ್ ತೆರೇಸಾ ಮೊದಲು ಸೇರಿದ್ದು ಆ ಸಭೆಗೇ.

ಮೇರಿ ವಾರ್ಡ್ ಸೆರೆಯಿಂದ ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ ಫ್ರಾನ್ಸಿನಲ್ಲಿ ವಿನ್ಸೆಂಟ್ ದೆ ಪಾಲ್ ಮತ್ತು ಲೂಯಿಸ್ ದೆ ಮಾರಿಯಾಕ್ ಒಂದು ಜಾಣತನ ಮಾಡಿದರು. ಅದು 1633. ತಮ್ಮ ಹುಡುಗಿಯರನ್ನು ಸನ್ಯಾಸಿನಿಯರು ಅಂತ ಕರೆಯಲೇ ಇಲ್ಲ. ಸನ್ಯಾಸಿನಿ ಅಂದರೆ ತಾನೇ ಗೋಡೆ? ನಿಮಗೆ ರೋಗಿಗಳ ಮನೆಯೇ ಮಠ, ಬಾಡಿಗೆ ಕೋಣೆಯೇ ಜಪದ ಕೋಣೆ, ಊರಿನ ಬೀದಿಗಳೇ ಮಠದ ಆವರಣ ಅಂತ ವಿನ್ಸೆಂಟ್ ಅವರಿಗೆ ಹೇಳಿದರು. ಆಸ್ಪತ್ರೆಗಳಲ್ಲಿ, ಬಡವರ ಕೇರಿಗಳಲ್ಲಿ ಅವರ ಕೆಲಸ ನಿಲ್ಲದೆ ನಡೆಯಿತು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಇಂಥ ಹೊಸ ಸಭೆಗಳು ನೂರಾರು ಹುಟ್ಟಿದ್ದವು. ಬೆಂಗಳೂರಿಗೆ 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಬಂದರು. ಅವರು 1886ರಲ್ಲಿ ಶುರು ಮಾಡಿದ ಸೇಂಟ್ ಮಾರ್ಥಾಸ್ ಆಸ್ಪತ್ರೆ ನಿಮಗೆಲ್ಲ ಗೊತ್ತು.

ಇಲ್ಲಿ ಸ್ವಲ್ಪ ನಿಂತು ನಾನೇ ಕಂಡ ಒಂದು ಗೋಡೆಯ ಬಗ್ಗೆ ಹೇಳುತ್ತೇನೆ.

ನನಗಾಗ ಎಂಟೋ ಒಂಬತ್ತೋ ವರ್ಷ. ಪಕ್ಕದ ಮನೆಯ ಬಾಯಮ್ಮ ಒಂದು ದಿನ ನನ್ನನ್ನೂ ಕರೆದುಕೊಂಡು ಒಂದು ಮುಚ್ಚಿದ ಮಠಕ್ಕೆ ಹೋದರು. ಮಗಳ ಹೆರಿಗೆ ಹತ್ತಿರವಿತ್ತು, ಪ್ರಾರ್ಥನೆಗೆ ಹೇಳಬೇಕಿತ್ತು. ಕೈಯಲ್ಲಿ ಒಂದು ಚೀಲ ಕುಚ್ಚಲಕ್ಕಿ, ಒಂದು ಹಲಸಿನ ಹಣ್ಣಿನ ಕಡಿ. ಒಳಗೆ ಹೋದರೆ ಖಾಲಿ ಕೋಣೆ. ಒಂದು ಬೆಂಚು. ಗೋಡೆಯಲ್ಲಿ ಮರದ ಒಂದು ಪೀಪಾಯಿ ಹುದುಗಿಸಿಟ್ಟ ಹಾಗೆ ಇತ್ತು, ಒಂದು ಕಡೆ ಮಾತ್ರ ಬಾಯಿ ತೆರೆದದ್ದು. ಬಾಯಮ್ಮ ಗಂಟೆ ಎಳೆದರು. ಒಳಗಿನಿಂದ ಒಂದು ಹೆಣ್ಣು ದನಿ ಬಂತು. ಮುಖ ಇಲ್ಲ. ಬಾಯಮ್ಮ ಆ ಮರದ ಪೆಟ್ಟಿಗೆಗೆ ವಿಷಯವೆಲ್ಲ ಹೇಳಿ, ಅಕ್ಕಿ ಹಲಸು ಇಟ್ಟರು. ಪೆಟ್ಟಿಗೆ ಗುರ್ ಅಂತ ತಿರುಗಿತು. ಸಾಮಾನು ಮಾಯ. ಮತ್ತೆ ತಿರುಗಿ ಬಂದಾಗ ಅದರಲ್ಲಿ ಒಂದು ಕಾಗದದ ಪೊಟ್ಟಣ. ಚರ್ಚಿನ ಪೂಜೆಗೆ ಬೇಕಾದ ಒಸ್ತಿ ಎಂಬ ತೆಳು ರೊಟ್ಟಿಯನ್ನು ಗುಂಡಗೆ ಕತ್ತರಿಸಿದ ಮೇಲೆ ಉಳಿಯುವ ಅಂಚುಗಳು, ಬೆಳ್ಳಗೆ, ಹಪ್ಪಳಕ್ಕಿಂತ ತೆಳ್ಳಗೆ. ‘ಮಗುವಿಗೆ’ ಅಂದಿತು ದನಿ. ಆಮೇಲೆ ‘ದೇವ್ ಬರೆಂ ಕರುಂ’. ದೇವರು ಒಳ್ಳೆಯದು ಮಾಡಲಿ ಅಂತ.

ನಾನು ಒಂದು ಮಾತೂ ಆಡಿರಲಿಲ್ಲ. ಆದರೂ ಅಲ್ಲೊಂದು ಮಗುವಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಬಹುಶಃ ನನ್ನ ಚಪ್ಪಲಿ ಸದ್ದು. ಗೋಡೆಯ ಒಳಗಿರುವವರಿಗೆ ಹೊರಗಿನವರ ಬಗ್ಗೆ ಅಷ್ಟು ಗಮನ ಇರುತ್ತದೆ ಅಂತ ಅವತ್ತು ಕಂಡೆ. ಸನ್ಯಾಸಿನಿಯರ ಬಗ್ಗೆ ನಾನು ಓದತೊಡಗಿದ್ದು ಆ ಪೊಟ್ಟಣದಿಂದಲೇ ಅನ್ನಬಹುದು.

ಈಗ ಮಂಗಳೂರಿಗೆ ಬರೋಣ.

ಸೋಫಿ ಲೀವ್ಸ್ ಹುಟ್ಟಿದ್ದು 1823ರಲ್ಲಿ, ಇವತ್ತಿನ ಇಸ್ತಾಂಬುಲ್‌ನಲ್ಲಿ. ಅಪ್ಪ ಆಂಗ್ಲಿಕನ್ ಪಾದ್ರಿ, ಬೈಬಲ್ ಸೊಸೈಟಿಯ ಕೆಲಸದ ಮೇಲೆ ಅಲ್ಲಿದ್ದವರು. ಸೋಫಿ 1850ರಲ್ಲಿ ಮಾಲ್ಟಾದಲ್ಲಿ ಕ್ಯಾಥೊಲಿಕ್ ಸಭೆ ಸೇರಿದರು. ಪ್ರೊಟೆಸ್ಟೆಂಟ್ ಪಾದ್ರಿಯ ಮನೆಯ ಮಗಳು ಆ ಕಾಲದಲ್ಲಿ ಹೀಗೆ ಮಾಡಿದರೆ ಮನೆಯವರಿಗೆ ಹೇಗಾಗಿರಬೇಕು ಯೋಚಿಸಿ. ಮುಂದೆ ಆಕೆ ಸೇಂಟ್ ಜೋಸೆಫ್ ಸಭೆಯ ಸಿಸ್ಟರ್ ಆದರು. ವೆರೋನಿಕಾ ಅಂತ ಹೆಸರಾಯಿತು. 1862ರಲ್ಲಿ ಶಾಲೆಯ ಕೆಲಸಕ್ಕೆ ಕಲ್ಲಿಕೋಟೆಗೆ ಬಂದರು.

ಆಗ ನಮ್ಮ ಕರಾವಳಿಯ ಕ್ಯಾಥೊಲಿಕ್ ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಕಾರ್ಮೆಲ್ ಪಾದ್ರಿಗಳು. ಅವರಲ್ಲಿ ಮರಿ ಎಫ್ರೆಮ್ ಎಂಬ ಫ್ರೆಂಚ್ ಪಾದ್ರಿಗೆ ಒಂದು ಆಸೆ ಇತ್ತು. ಕಾರ್ಮೆಲ್ ಸಭೆಯ ಪ್ರಾರ್ಥನೆ, ಮೌನ ಎಲ್ಲ ಇರಬೇಕು. ಆದರೆ ಗೋಡೆಯಿಂದ ಹೊರಗೆ ಬಂದು ಹೆಣ್ಣುಮಕ್ಕಳಿಗೆ ಓದು ಕಲಿಸುವಂಥ ಸಿಸ್ಟರ್‌ಗಳು ಬೇಕು. ವೆರೋನಿಕಾರ ಮನಸ್ಸಿನಲ್ಲೂ ಇದೇ ಎಳೆದಾಟ ನಡೆದಿತ್ತು. ಒಂದು ಕಡೆ ಕಾರ್ಮೆಲ್‌ನ ಮೌನದ ಸೆಳೆತ, ಇನ್ನೊಂದು ಕಡೆ ಕಲ್ಲಿಕೋಟೆಯಲ್ಲಿ ಕಂಡ ಹುಡುಗಿಯರು. ಫ್ರಾನ್ಸಿಗೆ ವಾಪಸಾಗಿ 1867ರಲ್ಲಿ ಪೊ ಎಂಬ ಊರಿನ ಕಾರ್ಮೆಲ್ ಮಠ ಸೇರಿದರು. ಮರುವರ್ಷ, 1868ರಲ್ಲಿ, ಬಯೋನ್ ಊರಿನಲ್ಲಿ ಹೊಸ ಸಭೆಯನ್ನು ಶುರು ಮಾಡಿದರು. ಅದೇ ಅಪೊಸ್ಟಲಿಕ್ ಕಾರ್ಮೆಲ್. ಮಂಗಳೂರಿನವರಿಗೆ ‘ಎ.ಸಿ. ಸಿಸ್ಟರ್‌ಗಳು’ ಅಂದರೆ ಸಾಕು, ಗೊತ್ತಾಗುತ್ತದೆ.

1870 ಬಂತು. ಮರಿ ಎಫ್ರೆಮ್ ಈಗ ಮಂಗಳೂರಿನ ಬಿಷಪ್. ಅವರು ಎರಡು ಬಗೆಯ ಸಿಸ್ಟರ್‌ಗಳನ್ನು ಕೇಳಿದ್ದರು. ಗೋಡೆಯೊಳಗೆ ಇದ್ದು ಪ್ರಾರ್ಥನೆ ಮಾಡುವವರು, ಗೋಡೆಯ ಹೊರಗೆ ಶಾಲೆ ನಡೆಸುವವರು. ಮೊದಲ ಗುಂಪು ಆಗಸ್ಟ್ ತಿಂಗಳಲ್ಲಿ ಹೊರಟಿತು. ಫ್ರಾನ್ಸಿಗೂ ಪ್ರಶ್ಯಕ್ಕೂ ಯುದ್ಧ ಶುರುವಾಗಿ ಒಂದು ತಿಂಗಳಾಗಿತ್ತು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವೂ ಆಗಿರಲಿಲ್ಲ. ದಪ್ಪ ಉಣ್ಣೆಯ ಕಂದು ಬಟ್ಟೆ ತೊಟ್ಟ, ವರ್ಷಾನುಗಟ್ಟಲೆ ಮಠದ ಅಂಗಳ ಬಿಟ್ಟು ಬೇರೆ ನೆಲ ಮೆಟ್ಟದ ಹೆಂಗಸರು ಕೆಂಪು ಸಮುದ್ರದ ಸುಡು ಬಿಸಿಲಲ್ಲಿ ಹಡಗಿನ ಕೋಣೆಯಲ್ಲಿ ಕುಳಿತಿದ್ದರು. ಮಂಗಳೂರು ತಲುಪುವ ಮೊದಲೇ ಮೂವರು ತೀರಿಕೊಂಡರು. ಅವರ ಜಾಗಕ್ಕೆ ಫ್ರಾನ್ಸಿನಿಂದ ಬೇರೆಯವರನ್ನು ಕಳಿಸಬೇಕಾಯಿತು. ವರ್ಷದ ಕೊನೆಗೆ ಮಂಗಳೂರಿನಲ್ಲಿ ಮಠದ ಬಾಳು ಶುರುವಾಯಿತು. ಭಾರತದಲ್ಲಿ ಸನ್ಯಾಸಿನಿಯರ ಮೊದಲ ಮುಚ್ಚಿದ ಕಾರ್ಮೆಲ್ ಮಠ ಅಂತ ಅದನ್ನು ಹೇಳುತ್ತಾರೆ. ಜನ ಈಗಲೂ ಕ್ಲೊಯಿಸ್ಟರ್ಡ್ ಕಾರ್ಮೆಲ್, ಅಂದರೆ ಗೋಡೆಯೊಳಗಿನ ಕಾರ್ಮೆಲ್, ಅನ್ನುತ್ತಾರೆ.

ಆ ಮೊದಲ ಹಡಗಿನಲ್ಲಿದ್ದು ಬದುಕಿ ಬಂದವರಲ್ಲಿ ಒಬ್ಬಳು ಇಪ್ಪತ್ತನಾಲ್ಕು ವರ್ಷದ ಹುಡುಗಿ. ಕುತ್ತಿಗೆಯಲ್ಲಿ ಅಡ್ಡಕ್ಕೆ ಒಂದು ದೊಡ್ಡ ಗಾಯದ ಕಲೆ. ದನಿ ಯಾವಾಗಲೂ ಒಡೆದ ದನಿ. ಫ್ರೆಂಚ್ ಮಾತು ತಪ್ಪು ತಪ್ಪು. ಮಠದವರು ‘ಪುಟ್ಟ ಅರಬ್ ಹುಡುಗಿ’ ಅಂತ ಕರೆಯುತ್ತಿದ್ದರು. ತನ್ನನ್ನು ತಾನು ‘ನಾನೊಂದು ಪುಟ್ಟ ಏನೂ ಅಲ್ಲದ್ದು’ ಅಂದುಕೊಳ್ಳುತ್ತಿದ್ದಳು. ಹೆಸರು ಮರಿಯಮ್ ಬವಾರ್ದಿ.

ಈ ಹುಡುಗಿಯ ಕಥೆಯನ್ನು ನಿಧಾನವಾಗಿ ಹೇಳಬೇಕು.

ಗಲಿಲೇಯ ನಾಡಿನಲ್ಲಿ, ನಜರೇತ್ ಮತ್ತು ಹೈಫಾ ನಡುವೆ, ಇಬಿಲ್ಲಿನ್ ಅಂತ ಒಂದು ಹಳ್ಳಿ. ಅಲ್ಲಿಯ ಒಂದು ಅರಬ್ ಕ್ರೈಸ್ತ ಮನೆಯಲ್ಲಿ ಹನ್ನೆರಡು ಗಂಡುಮಕ್ಕಳು ಹುಟ್ಟಿ ಹುಟ್ಟಿ ತೀರಿಕೊಂಡವು. ಗಂಡ ಹೆಂಡತಿ ಹೆಣ್ಣುಮಗು ಬೇಕು ಅಂತ ಬೆತ್ಲೆಹೇಮಿಗೆ ನಡೆದುಕೊಂಡೇ ಹೋಗಿ ಹರಕೆ ಹೊತ್ತರು. 1846ರ ಜನವರಿ 5ರಂದು ಮರಿಯಮ್ ಹುಟ್ಟಿದಳು. ಆಮೇಲೆ ಒಬ್ಬ ತಮ್ಮ. ಅವಳಿಗೆ ಮೂರು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಹೋದರು. ತಮ್ಮನನ್ನು ತಾಯಿ ಕಡೆಯವರು ಒಯ್ದರು, ಅವಳನ್ನು ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯವರು. ಅವರ ಜೊತೆ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋದಳು. ಹನ್ನೆರಡು ಹದಿಮೂರಕ್ಕೆ ಮದುವೆ ಗೊತ್ತು ಮಾಡಿದರು. ಅವಳು ಒಲ್ಲೆ ಅಂದಳು. ತಾನೇ ಜಡೆ ಕತ್ತರಿಸಿಕೊಂಡಳು. ಸಿಟ್ಟಾದ ಮನೆಯವರು ಅವಳನ್ನು ಆಳುಗಳ ಜೊತೆ ಅಡುಗೆಮನೆಗೆ ತಳ್ಳಿದರು.

ಅವಳಿಗೆ ತಮ್ಮನಿಗೆ ಕಾಗದ ಕಳಿಸುವ ಆಸೆ. ಆ ಕಡೆಗೆ ಹೊರಟಿದ್ದ, ಮನೆಯಲ್ಲಿ ಮೊದಲು ಆಳಾಗಿದ್ದ ಒಬ್ಬನ ಮನೆಗೆ ಕಾಗದ ಹಿಡಿದು ಹೋದಳು. ಅಲ್ಲಿ ಧರ್ಮದ ಮಾತು ಬಂತು. ನಮ್ಮ ಧರ್ಮಕ್ಕೆ ಬಾ ಅಂದ. ಅವಳು ಆಗದು ಅಂದಳು. ಅವನು ಕತ್ತಿಯಿಂದ ಅವಳ ಗಂಟಲು ಕೊಯ್ದು, ಸತ್ತಳು ಅಂದುಕೊಂಡು ಕತ್ತಲ ಸಂದಿಯಲ್ಲಿ ಎಸೆದ. ಅದು 1858ರ ಸೆಪ್ಟೆಂಬರ್. ಎಚ್ಚರವಾದಾಗ ತಾನೊಂದು ಗುಹೆಯಂಥ ಜಾಗದಲ್ಲಿದ್ದೆ, ನೀಲಿ ಉಡುಪಿನ ಹೆಂಗಸೊಬ್ಬರು ಗಾಯ ಹೊಲಿದು, ಗಂಜಿಯಂಥ ಸಾರು ಕುಡಿಸಿ ಗುಣ ಮಾಡಿದರು ಅಂತ ಅವಳೇ ಮುಂದೆ ಹೇಳಿದಳು. ಅದು ಮಾತೆ ಮರಿಯಮ್ಮನೇ ಅಂತ ಅವಳ ನಂಬಿಕೆ. ನೀವು ನಂಬಿ, ಬಿಡಿ. ಆ ಕಲೆ ಮತ್ತು ಒಡೆದ ದನಿ ಸಾಯುವವರೆಗೂ ಎಲ್ಲರ ಕಣ್ಣಿಗೂ ಕಿವಿಗೂ ಬಿದ್ದವು.

ಅಲ್ಲಿಂದ ಮನೆಗೆಲಸದ ವರ್ಷಗಳು. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೆ. ಅಲ್ಲಿ 1865ರಲ್ಲಿ ಸೇಂಟ್ ಜೋಸೆಫ್ ಸಭೆಗೆ ಸೇರಿದಳು. ಕೈಕಾಲುಗಳಲ್ಲಿ ಯೇಸುವಿನ ಪಂಚಗಾಯಗಳಂಥ ಗಾಯಗಳು ಏಳುತ್ತಿದ್ದವು, ರಕ್ತ ಬರುತ್ತಿತ್ತು. ಸಿಸ್ಟರ್‌ಗಳು ಹೆದರಿದರು. ಇವಳು ನಮಗೆ ಬೇಡ ಅಂದರು. ಆಗ ಅವಳ ಕೈ ಹಿಡಿದವರು ಯಾರು ಗೊತ್ತಾ? ಭಾರತದಿಂದ ವಾಪಸಾಗಿ ಅಲ್ಲೇ ಇದ್ದ ಸಿಸ್ಟರ್ ವೆರೋನಿಕಾ. 1867ರ ಜೂನ್‌ನಲ್ಲಿ ತಾವು ಪೊ ಮಠಕ್ಕೆ ಹೋಗುವಾಗ ಅವಳನ್ನೂ ಜೊತೆಗೆ ಕರೆದೊಯ್ದರು. ಓದಿಕೊಂಡ ಇಂಗ್ಲಿಷ್ ಹೆಂಗಸು, ಅಕ್ಷರ ಸರಿಯಾಗಿ ಬಾರದ ಅರಬ್ ಕೆಲಸದ ಹುಡುಗಿ. ಒಂದೇ ಬಾಗಿಲಿನಿಂದ ಒಳಗೆ ಹೋದರು. ಈ ಚಿತ್ರ ನನಗೆ ತುಂಬ ಇಷ್ಟ.

ಆದರೆ ಒಳಗೆ ಹೋದ ಮೇಲೆ ಎಲ್ಲರೂ ಸಮ ಅಂತ ಅಂದುಕೊಳ್ಳಬೇಡಿ. ಆಗ ಮಠಗಳಲ್ಲಿ ಎರಡು ದರ್ಜೆ. ಲ್ಯಾಟಿನ್ ಓದಿ ಪ್ರಾರ್ಥನೆ ಹಾಡುವ ಸಿಸ್ಟರ್‌ಗಳು ಒಂದು, ಅಡುಗೆ ಒಗೆತ ತೋಟ ನೋಡಿಕೊಳ್ಳುವ ಸಿಸ್ಟರ್‌ಗಳು ಇನ್ನೊಂದು. ಮೊದಲನೆಯವರು ಸಾಮಾನ್ಯವಾಗಿ ಉಳ್ಳವರ ಮನೆಯವರು. ಮನೆಯಿಂದ ವರದಕ್ಷಿಣೆಯಂತೆ ಹಣ ತರುತ್ತಿದ್ದರು. ಎಲ್ಲ ಬಿಟ್ಟು ಬಂದ ಮನೆಯಲ್ಲೂ ಈ ಭೇದ ಇತ್ತು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇದು ಹೋಗಿದ್ದು 1960ರ ದಶಕದ ವ್ಯಾಟಿಕನ್ ಮಹಾಸಭೆಯ ನಂತರವೇ. ಮರಿಯಮ್‌ಗೆ ಲ್ಯಾಟಿನ್ ಓದಲು ಕಷ್ಟ. ಹಾಗಾಗಿ ಅವಳು ಎರಡನೇ ಸಾಲಿನವಳು. ಮತ್ತೆ ಅಡುಗೆಮನೆ. ಆದರೆ ಅವಳಿಗೆ ಅದೇ ಬೇಕಾಗಿತ್ತು. ತಾನೇ ಕೇಳಿಕೊಂಡು ಆ ಸಾಲಿನಲ್ಲಿ ಉಳಿದಳು.

ಮಂಗಳೂರಿನಲ್ಲೂ ಆಕೆ ಅಡುಗೆಮನೆಯಲ್ಲೇ ಇದ್ದರು. ಕೆಲಸ ಮಾಡುತ್ತ ಮಾಡುತ್ತ ಆಕೆಗೆ ಮೈಮರೆವು ಬರುತ್ತಿತ್ತು. ಮುಖ ಬೆಳಗುತ್ತಿತ್ತು ಅಂತ ಕಂಡವರು ಹೇಳಿದ್ದಾರೆ. ಆವಿಲಾದ ತೆರೇಸಾ ಬರೆದ ಆ ಮಡಕೆ ಕುಡಿಕೆಗಳ ಮಾತು ನಮ್ಮ ಕರಾವಳಿಯ ಒಂದು ಅಡುಗೆಮನೆಯಲ್ಲಿ, ಒಬ್ಬ ಪಾಲೆಸ್ತೀನದ ಹುಡುಗಿಯ ಮೈಯಲ್ಲಿ ನಿಜವಾಯಿತು ಅಂತ ನನಗೆ ಅನಿಸುತ್ತದೆ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಆಕೆ ಕೊನೆಯವರೆಗಿನ ವ್ರತ ಸ್ವೀಕರಿಸಿದರು. ಶಿಲುಬೆಗೇರಿದ ಯೇಸುವಿನ ಸಿಸ್ಟರ್ ಮರಿಯಾ ಅಂತ ಆಕೆಯ ಮಠದ ಹೆಸರು.

ಆಮೇಲೆ ಎಲ್ಲ ಕೆಟ್ಟಿತು. ಒಮ್ಮೊಮ್ಮೆ ಆಕೆಯ ಒದ್ದಾಟ ದೆವ್ವ ಮೈಮೇಲೆ ಬಂದ ಹಾಗೆ ಕಾಣುತ್ತಿತ್ತು. ಇದು ದೇವರದ್ದೋ, ರೋಗವೋ, ನಟನೆಯೋ ಅಂತ ಮಠದೊಳಗೆ ಎರಡು ಪಕ್ಷವಾಯಿತು. ಬಿಷಪ್ ಮರಿ ಎಫ್ರೆಮರಿಗೂ ನಂಬಿಕೆ ಹೋಯಿತು. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳಿಸಿದರು. ಮಂಗಳೂರಿನಲ್ಲಿ ಇದ್ದದ್ದು ಹೆಚ್ಚುಕಮ್ಮಿ ಎರಡೇ ವರ್ಷ.

ಬಿಷಪರ ಕಷ್ಟವೂ ನನಗೆ ಅರ್ಥವಾಗುತ್ತದೆ. ಹೊಸ ಊರು, ಹೊಸ ಮಠ, ದಾರಿಯಲ್ಲೇ ಮೂರು ಸಾವು. ಅದರ ನಡುವೆ ಇಂಥದ್ದೊಂದು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆಕೆ ಒಳ್ಳೆಯ ಫ್ರೆಂಚ್ ಮಾತಾಡುವ ದೊಡ್ಡ ಮನೆತನದ ಹೆಣ್ಣಾಗಿದ್ದರೆ? ತನ್ನ ಅನುಭವವನ್ನು ಆವಿಲಾದ ತೆರೇಸಾರ ಹಾಗೆ ತಾನೇ ಬರೆದು ವಿವರಿಸುವಂತಿದ್ದರೆ? ಆಗಲೂ ಅಷ್ಟು ಬೇಗ ಹಡಗು ಹತ್ತಿಸುತ್ತಿದ್ದರಾ? ಕೆಲಸದ ಹುಡುಗಿಯ ಮಾತನ್ನು ನಂಬುವುದು ಯಾವ ಕಾಲದಲ್ಲೂ ಜನರಿಗೆ ಕಷ್ಟವೇ.

ಇತ್ತ ಶಾಲೆಯ ಸಿಸ್ಟರ್‌ಗಳ ಕಥೆ ಬೇರೆ ದಾರಿ ಹಿಡಿಯಿತು. ಅಪೊಸ್ಟಲಿಕ್ ಕಾರ್ಮೆಲ್‌ನ ಮೊದಲ ಸಿಸ್ಟರ್‌ಗಳು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಅವರಿಗೆ ಹಿರಿಯರಾಗಿದ್ದವರು ಮದರ್ ಮರಿ ದೇಸ್ ಆಂಜ್. ಬಂದವರೇ ಸೇಂಟ್ ಆನ್ಸ್ ಶಾಲೆಯ ಕೆಲಸಕ್ಕೆ ಕೈ ಹಾಕಿದರು. ಬಾಸೆಲ್ ಮಿಶ್ಯನ್ನಿನವರು ಅದಕ್ಕೂ ಮೊದಲೇ ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು, ಅದನ್ನು ಮರೆಯಬಾರದು. ಆದರೆ ಇವರು ಬಂದ ಮೇಲೆ ಈ ಕೆಲಸ ಒಂದು ಪರಂಪರೆಯಾಗಿ ಬೆಳೆಯಿತು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಶುರುವಾಯಿತು. ದಕ್ಷಿಣ ಕನ್ನಡದ ಮೊದಲ ಮಹಿಳಾ ಕಾಲೇಜು. 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್. ಮನೆ ಬಿಟ್ಟು ಹಾಸ್ಟೆಲಿನಲ್ಲಿ ಇದ್ದು ಓದಲು ಕರಾವಳಿಯ ಅಪ್ಪಂದಿರು ಹೆಣ್ಣುಮಕ್ಕಳನ್ನು ಕಳಿಸಿದ್ದು ಯಾವ ಧೈರ್ಯದ ಮೇಲೆ? ಅಲ್ಲಿ ಸಿಸ್ಟರ್‌ಗಳಿದ್ದಾರೆ, ಗೇಟಿದೆ, ಗೋಡೆಯಿದೆ ಅನ್ನುವ ಧೈರ್ಯದ ಮೇಲೆ. ಇದನ್ನು ಗಮನಿಸಿ. ಹೆಣ್ಣನ್ನು ಒಳಗಿಡಲು ಎದ್ದ ಗೋಡೆಯನ್ನೇ ತೋರಿಸಿ ನಮ್ಮ ಅಮ್ಮಂದಿರು, ಅಜ್ಜಿಯರು ಮನೆಯಿಂದ ಹೊರಗೆ ಬಂದರು.

ಅಷ್ಟರಲ್ಲಿ ಊರಿನ ಹುಡುಗಿಯರೇ ಸಿಸ್ಟರ್‌ಗಳಾಗತೊಡಗಿದರು. 1887ರಲ್ಲಿ ಜರ್ಮನಿಯ ಪಾದ್ರಿ ಅರ್ಬನ್ ಸ್ಟೈನ್ ಮಂಗಳೂರಿನ ಹೆಂಗಸರನ್ನು ಸೇರಿಸಿ ಕಟ್ಟಿದ ಸಭೆ ಇವತ್ತಿನ ಉರ್ಸುಲೈನ್ ಫ್ರಾನ್ಸಿಸ್ಕನ್. 1921ರಲ್ಲಿ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಭೆ ಕಟ್ಟಿದರು. ಹಳ್ಳಿ ಹಳ್ಳಿಗೆ ಕನ್ನಡ ಶಾಲೆ ಒಯ್ದವರಲ್ಲಿ ಈ ಸಿಸ್ಟರ್‌ಗಳೂ ಇದ್ದಾರೆ. ಇವರ ಬಗ್ಗೆಯೇ ಒಂದು ಪೂರ್ತಿ ದಿನ ಮಾತಾಡಬೇಕು.

ಇನ್ನು ವೆರೋನಿಕಾ. ಬಯೋನ್‌ನಲ್ಲಿ ಅವರು ಕಟ್ಟಿದ ಮನೆ 1873ರಲ್ಲಿ ಮುಚ್ಚಿಹೋಯಿತು. ಬುಡ ಒಣಗಿತು, ಆದರೆ ಅದರ ಒಂದು ಬಿಳಲು ಆಗಲೇ ಮಂಗಳೂರಿನ ನೆಲ ಮುಟ್ಟಿ ಬೇರು ಬಿಟ್ಟಿತ್ತು. ಆಮೇಲೆ ಮಂಗಳೂರೇ ಆ ಸಭೆಗೆ ತಾಯಿಮನೆ. ವೆರೋನಿಕಾ ಮತ್ತೆ ಮುಚ್ಚಿದ ಕಾರ್ಮೆಲ್‌ನ ಗೋಡೆಯೊಳಗೆ ಹೋದರು. ಹೆಣ್ಣುಮಕ್ಕಳಿಗಾಗಿ ಗೋಡೆಯಲ್ಲಿ ಬಾಗಿಲು ತೆರೆದವರು ತಾವು ಮಾತ್ರ ಒಳಗೇ ಉಳಿದರು. 1906ರ ನವೆಂಬರ್‌ನಲ್ಲಿ ಪೊ ಮಠದಲ್ಲಿ ತೀರಿಕೊಂಡರು. ತಾವು ಹುಟ್ಟುಹಾಕಿದ ಸಭೆ ಮಂಗಳೂರಿನಲ್ಲಿ ಬೆಳೆದದ್ದನ್ನು ಅವರು ಕಣ್ಣಾರೆ ನೋಡಲಿಲ್ಲ. ನಮ್ಮ ಕರಾವಳಿಯಲ್ಲಿ ಓದಿದ ಎಷ್ಟು ಹೆಣ್ಣುಮಕ್ಕಳಿಗೆ ಈ ಹೆಸರು ಗೊತ್ತು?

ಮರಿಯಮ್ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಫ್ರಾನ್ಸಿಗೆ ಹೋದ ಆಕೆ ಸುಮ್ಮನೆ ಕೂರಲಿಲ್ಲ. ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠ ಕಟ್ಟಬೇಕು ಅಂತ ಹಿಡಿದರು. ತಮ್ಮ ಅಪ್ಪ ಅಮ್ಮ ಮಗಳಿಗಾಗಿ ನಡೆದು ಹೋಗಿ ಬೇಡಿಕೊಂಡ ಊರು ಅದು. 1875ರಲ್ಲಿ ಕೆಲವು ಸಿಸ್ಟರ್‌ಗಳ ಜೊತೆ ಅಲ್ಲಿಗೆ ಹೋದರು. ಅವರಲ್ಲಿ ಅರಬ್ಬಿ ಬಲ್ಲವರು ಈಕೆ ಒಬ್ಬರೇ. ಹಾಗಾಗಿ ಕಲ್ಲು, ಸುಣ್ಣ, ಕೂಲಿ, ಮೇಸ್ತ್ರಿಗಳ ಜೊತೆ ಮಾತುಕತೆ, ಎಲ್ಲ ಈಕೆಯ ತಲೆಯ ಮೇಲೆ. ಲ್ಯಾಟಿನ್ ಬಾರದು ಅಂತ ಎರಡನೇ ಸಾಲಿನಲ್ಲಿದ್ದ ಸಿಸ್ಟರ್ ಈಗ ಕಟ್ಟಡದ ಉಸ್ತುವಾರಿ.

2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಆಕೆಯನ್ನು ಸಂತರ ಸಾಲಿಗೆ ಸೇರಿಸಿದರು. ಮಂಗಳೂರಿನಲ್ಲಿ ವ್ರತ ಹಿಡಿದು, ಮಂಗಳೂರಿನಿಂದಲೇ ಕಳಿಸಲ್ಪಟ್ಟವರು. ಆದರೆ ನನ್ನ ಕಣ್ಣ ಮುಂದೆ ಬರುವುದು ರೋಮಿನ ಆ ದೊಡ್ಡ ಚೌಕ ಅಲ್ಲ. 1878ರ ಆಗಸ್ಟ್. ಬೆತ್ಲೆಹೇಮಿನ ಗುಡ್ಡದ ಮೇಲೆ ಉರಿ ಬಿಸಿಲು. ಕಟ್ಟಡದ ಕೆಲಸದವರಿಗೆ ಬಾಯಾರಿದೆ. ಮೂವತ್ತೆರಡು ವರ್ಷದ ಈ ಸಿಸ್ಟರ್ ಅವರಿಗೆ ಕುಡಿಯುವ ನೀರು ಹೊತ್ತು ಮೆಟ್ಟಿಲ ಮೇಲೆ ಹೋಗುವಾಗ ಜಾರಿ ಬಿದ್ದರು. ಕೈ ಮುರಿಯಿತು. ಗಾಯ ಕೊಳೆತು ಮೈಗೆ ಏರಿತು. 26ರಂದು ಬೆಳಗ್ಗೆ ಪ್ರಾಣ ಹೋಯಿತು. ಮಠದ ಕೆಲಸ ಇನ್ನೂ ನಡೆಯುತ್ತಲೇ ಇತ್ತು.